ಚೌಕಟ್ಟಿನಲ್ಲಿ ಉಳಿದ ಕೈ

ಬಾಳೇಶ,

ನೀನು ತೀರಿಕೊಂಡು ಎರಡು ವರ್ಷವಾಯಿತು. ಇವತ್ತು ಕಂಪ್ಯೂಟರಿಗೆ ಹಳೇ ಮೆಷಿನ್ ಆಟಗಳನ್ನು ಓಡಿಸುವ ಎಮ್ಯುಲೇಟರ್ ಹಾಕಿ ನಮ್ಮ ಹಳೇ ಗೇಮ್ ಓಡಿಸಿದೆ. ಆಟ ಮಾನಿಟರಿನ ನಡುವೆ ಮಾತ್ರ ಬರುತ್ತದೆ, ಎರಡೂ ಪಕ್ಕ ಬರೀ ಕಪ್ಪು. ಸುತ್ತಲೂ ಲಗ್ಗೆರೆಯ ವಿಡಿಯೋ ಗೇಮ್ ಪಾರ್ಲರಿನ ಅದೇ ಮೆಷಿನ್ ಕಾಣಲಿ ಎಂದು, ಅಲ್ಲಿ ನಿನ್ನನ್ನು ಮೊಬೈಲಿನಲ್ಲಿ ತೆಗೆದಿದ್ದ ಫೋಟೋವನ್ನೇ ಚೌಕಟ್ಟು ಮಾಡಿದೆ. ಅದಕ್ಕೆ ಫೋಟೋದಲ್ಲಿ ಸ್ಕ್ರೀನ್ ಇರುವ ಜಾಗವನ್ನು ಕತ್ತರಿಸಬೇಕು. ಆಡುತ್ತಾ ತಿರುಗಿ ನಕ್ಕಿದ್ದೆಯಲ್ಲ, ನಿನ್ನ ಮುಖ ಇದ್ದದ್ದು ಆ ಸ್ಕ್ರೀನಿನ ಮುಂದೆಯೇ. ಕತ್ತರಿಸಿ, ಅದೇ ಫೈಲಿನ ಮೇಲೆ ಸೇವ್ ಮಾಡಿಬಿಟ್ಟೆ. ಬೇರೆ ಪ್ರತಿ ಇಲ್ಲ, ಆ ಮೊಬೈಲ್ ಎಂದೋ ಕಳೆದುಹೋಗಿದೆ.

ಈಗ ಕೆಳಗೆ ನಿನ್ನವ್ವ ಬಂದಿದ್ದಾರೆ. ಈ ಎರಡು ವರ್ಷ ಒಮ್ಮೆಯೂ ನಾನು ನಿಮ್ಮ ಮನೆಗೆ ಹೋಗಲಿಲ್ಲ.

"ನನ್ನ ಮಗಂದು ನಗೂ ಫೋಟೋ ನಿಮ್ಮ ಹುಡುಗನ ಕಡೆ ಐತಂತಲ್ರೀ. ಒಂದ್ಸಲ ತೋರಸ್ತಾನೇನ್ರಿ?"

"ಮೇಲೇ ಇದಾನೆ, ಹೋಗಿ ನೋಡಿ," ಅಂದಳು ಅಮ್ಮ.

ನನ್ನ ಬೆರಳು ಆಫ್ ಬಟನ್ನಿನ ಮೇಲಿದೆ. ಆಟ ಓಡುತ್ತಲೇ ಇದೆ. ಅದರ ಕೆಳಗೆ ಜಾಯ್‌ಸ್ಟಿಕ್ ಹಿಡಿದ ನಿನ್ನ ಕೈ, ಮಣಿಕಟ್ಟಿನಲ್ಲಿ ಕೆಂಪು ದಾರ. ಆಫ್ ಮಾಡಿದರೆ ಇದೂ ಹೋದೀತೆಂದು ಭಯ.

ಅವರು ಮೆಟ್ಟಿಲು ಹತ್ತುತ್ತಿದ್ದಾರೆ. ಆ ದಾರ ಕಟ್ಟಿದ್ದು ಅವರೇ.