ನಾನು ಚೆಲ್ಲಿದ ಗಂಜಿತಿಳಿ

ಪ್ರಾಂತ್ಯದ ಆರೋಗ್ಯ ಮುಖ್ಯಾಧಿಕಾರಿಗಳಾದ ಮಾನ್ಯರೇ,

ಹಾಲೇ ವಿಷವಾಗಿದ್ದ ಹಸುಗೂಸಿಗೆ ಒತ್ತಾಯ ಮಾಡಿ ಹಾಲು ಕುಡಿಸಿದವಳು ನಾನು. ಕುಡಿಸಬೇಕೆಂದು ಕಲಿಸಿದವರು ನೀವು. ಯಾವ ಕೂಸಿಗೆ ಕುಡಿಸಬಾರದೆಂದು ತಿಳಿಸುವ ರಕ್ತಪರೀಕ್ಷೆಯನ್ನು ಮಾತ್ರ ನೀವು ಕೊಡಲಿಲ್ಲ. ನಾಚಿಕೆಯಿಂದ ಬರೆಯುತ್ತಿದ್ದೇನೆ, ಈ ನಾಚಿಕೆಯಲ್ಲಿ ನಿಮ್ಮ ಪಾಲೂ ಇದೆ.

ಕಳೆದ ವರ್ಷದ ಮಾತು. ನಮ್ಮ ಖೋಸಾ ಜನರ ಪದ್ಧತಿಯಂತೆ ಹತ್ತು ದಿನ ಮನೆಯೊಳಗಿದ್ದು, ಹನ್ನೊಂದನೆಯ ದಿನ ಬಾಣಂತಿ ಝುಕಿಸ್ವಾ ಕೂಸನ್ನು ಕ್ಲಿನಿಕ್ಕಿಗೆ ತಂದಳು. ಜೊತೆಗೆ ಅತ್ತೆ ಮಾಡ್ಲೋಮೊ. ಕೂಸಿನ ಮೈಯೆಲ್ಲ ಹಳದಿ, ತೂಕ ಇಳಿದಿತ್ತು. ಅತ್ತೆಯ ಚೀಲದಲ್ಲೊಂದು ಸೀಸೆ ಕಂಡಿತು.

"ಇದೇನಜ್ಜೀ?"

"ಜೋಳದ ಗಂಜಿತಿಳಿ, ಸಿಸ್ಟರ್. ಹಾಲು ಕುಡಿದ್ರೆ ಎಲ್ಲಾ ಕಕ್ಕುತ್ತೆ. ಎರಡು ದಿನ ಇದನ್ನೇ ಕೊಟ್ಟೆ ನೋಡಿ, ಕಕ್ಕಲೇ ಇಲ್ಲ, ಕಣ್ಣು ಬಿಡ್ತು."

"ನಿಮ್ಮಂಥೋರಿಂದ್ಲೇ ಕೂಸುಗಳು ಸಾಯೋದು!" ಬೆಂಚಿನ ಮೇಲಿದ್ದ ಬಸುರಿಯರೆಲ್ಲ ಕೇಳುವಂತೆ ಗದರಿ, ಗಂಜಿಯನ್ನು ತೊಟ್ಟಿಗೆ ಚೆಲ್ಲಿದೆ. ಮೈಯ ಹಳದಿ, ಬಿಸಿಲು ಕಾಯಿಸಿದರೆ ಹೋಗುತ್ತದೆಂದೆ. ನಿಮ್ಮ ನಿಯಮದಂತೆ ಎದೆಹಾಲು ಬಿಟ್ಟು ಹನಿ ನೀರೂ ಕೂಡದೆಂದೆ.

"ಓದಿದೋರು ನೀವು, ಸರಿ ಬಿಡಿ ತಾಯಿ," ಎಂದು ಮಾಡ್ಲೋಮೊ ತಲೆ ತಗ್ಗಿಸಿದಳು. ಹತ್ತೊಂಬತ್ತನೆಯ ದಿನ ಲುಬಬಾಲೊ ಎಂಬ ಆ ಕೂಸು ದೊಡ್ಡಾಸ್ಪತ್ರೆಯಲ್ಲಿ ತೀರಿಕೊಂಡಿತು. ಹಾಲಿನ ಸಕ್ಕರೆಯನ್ನು ಮೈ ಅರಗಿಸಿಕೊಳ್ಳಲಾರದ, ತಂದೆತಾಯಿಯರಿಂದ ಬರುವ ದೋಷವೆಂದು ಅಲ್ಲಿಯ ವೈದ್ಯೆ ಹೇಳಿದಳು. ಅಜ್ಜಿಗೆ ಗೊತ್ತಾದದ್ದು ನನಗೆ ಗೊತ್ತಾಗಲಿಲ್ಲ.

ಆ ತಿಂಗಳೇ, ಎದೆಹಾಲಿನ ನಿಯಮವನ್ನು ಚಾಚೂ ತಪ್ಪದೆ ಪಾಲಿಸಿದ್ದಕ್ಕೆ, ನಿಮ್ಮ ಸಹಿಯ ಪ್ರಶಸ್ತಿಪತ್ರ ನಮಗೆ ಬಂತು. ಎಂಥ ಸಮಯಪ್ರಜ್ಞೆ! ಎದೆಹಾಲು ಬೇಡವೆಂದು ನಾನು ಹೇಳುತ್ತಿಲ್ಲ. ನೂರಾರು ಕೂಸುಗಳನ್ನು ಅದು ಉಳಿಸಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಆದರೆ ಪರೀಕ್ಷೆ ಬೇಕೆಂದು ಬರೆದರೆ "ಕಾಯಿಲೆ ಅಪರೂಪ" ಎಂದಿರಿ. ಹುಡುಕದೇ ಇದ್ದರೆ ಯಾವ ಕಾಯಿಲೆ ತಾನೇ ಅಪರೂಪವಲ್ಲ, ಸ್ವಾಮಿ? ನನ್ನ ಇಪ್ಪತ್ತಾರು ವರ್ಷದ ಸೇವೆಯಲ್ಲಿ ಹಳದಿಯಾಗಿ ಸತ್ತ ಎಷ್ಟು ಕೂಸುಗಳ ಹೆಸರಿನ ಮುಂದೆ "ಸೋಂಕು" ಎಂದು ಬರೆದೆನೋ, ಲೆಕ್ಕ ನೆನೆಯಲು ಹೆದರಿಕೆ.

ಝುಕಿಸ್ವಾ ಈಗ ಮತ್ತೆ ಎಂಟು ತಿಂಗಳ ಬಸುರಿ. ಈ ಕೂಸಿಗೂ ಅದೇ ದೋಷ ಬರುವ ಸಂಭವ ನಾಲ್ಕರಲ್ಲೊಂದು. ಹುಟ್ಟಿದೊಡನೆ ಕೂಸಿನ ಹಿಮ್ಮಡಿಯಿಂದ ತೆಗೆದ ಒಂದು ಹನಿ ರಕ್ತ ಅದನ್ನು ತಿಳಿಸಬಲ್ಲದು. ಅವಳ ಹೆರಿಗೆಗೆ ಮುಂಚೆ ಪರೀಕ್ಷೆಯ ಸಾಮಗ್ರಿ ಕಳಿಸಿ, ಆಮೇಲೆ ಹುಟ್ಟುವ ಪ್ರತಿ ಕೂಸಿಗೂ ಕಳಿಸಿ. ದೋಷವಿದ್ದ ಕೂಸಿಗೆ ಎದೆಹಾಲಿನ ಬದಲು ಕಲಸಿ ಕುಡಿಸುವ, ಹಾಲಿಲ್ಲದ ಪುಡಿಯನ್ನೂ ಕಳಿಸಿ. ಪ್ರಶಸ್ತಿಪತ್ರ ಇದರೊಂದಿಗೆ ವಾಪಸ್ಸು.

ಮೊನ್ನೆ ಸೊಸೆಯೊಡನೆ ಮಾಡ್ಲೋಮೊ ಬಂದಿದ್ದಳು. ಕ್ಷಮೆ ಕೇಳುವ ಬದಲು ನಾನು ಸೊಸೆಯ ತೂಕ ನೋಡಿ ಬರೆದುಕೊಂಡೆ. ಅತ್ತೆಯೇ ಚೀಲದಿಂದ ಬರಿದಾದ ಸೀಸೆ ತೆಗೆದು ತೋರಿಸಿ, "ಈ ಸಲ ಗಂಜಿ ಕೊಡಬಹುದಾ, ಸಿಸ್ಟರ್?" ಎಂದು ನನ್ನ ಅಪ್ಪಣೆ ಕೇಳಿದಳು.

ಇಂತಿ,
ಅವಳಿಗಿನ್ನೂ ಉತ್ತರ ಕೊಡದ, ನೀವು ಮೆಚ್ಚಿದ ನರ್ಸು,
ನೊಂಟುತುಝೆಲೊ