ಕೂರದ ರ‍್ಯಾಮ್

ಎರಡು ಮನೆಗಳ ಏಕೈಕ ಯಜಮಾನರೂ ಸ್ಕ್ರೂಡ್ರೈವರ್ ಚಕ್ರವರ್ತಿಗಳೂ ಆದ ತೀರ್ಥರೂಪ ಅಪ್ಪನವರ ಪಾದಾರವಿಂದಗಳಿಗೆ ಮಗಳ ಸಾಷ್ಟಾಂಗ ನಮಸ್ಕಾರಗಳು.

ಆಮೆಯಂತೆ ತೆವಳುತ್ತಿರುವ ನಮ್ಮ ಹಳೇ ಕಂಪ್ಯೂಟರಿಗೆಂದು ತಾವು ಕೊರಿಯರ್‌ನಲ್ಲಿ ದಯಪಾಲಿಸಿದ ರ‍್ಯಾಮ್ ತಲುಪಿತು. ಕೂರಿಸಲು ಹೋದರೆ ಕೂರಲಿಲ್ಲ. ಅದರ ಕಚ್ಚು ಇರುವ ಜಾಗವೇ ಬೇರೆ. "ಆ ಮನೆಗೆ ತಂದಿದ್ರಲ್ಲಿ ಮಿಕ್ಕಿದ್ದಿರ್ಬೇಕು ಬಿಡು" ಅಂದಳು ಅಮ್ಮ.

ಈ ಕಂಪ್ಯೂಟರನ್ನು ಜೋಡಿಸಿದವರು ನೀವೇ, ಅಪ್ಪ. ಪಕ್ಕದಲ್ಲಿ ಟಾರ್ಚ್ ಹಿಡಿದು ನಿಂತವಳು ನಾನು.

ದಯವಿಟ್ಟು ಇನ್ನೊಂದನ್ನು ಕಳಿಸಬೇಡಿ. ಖುದ್ದಾಗಿ ಬಂದು ಹಾಕಿಕೊಡಿ. ಭಾನುವಾರ ಅಮ್ಮನಿಗೆ ಡ್ಯೂಟಿ ಇದೆ. ಯಾರ ಮುಖವನ್ನೂ ನೋಡುವ ಕಷ್ಟ ನಿಮಗಿರುವುದಿಲ್ಲ, ನನ್ನದೊಂದು ಬಿಟ್ಟು.

ಇತಿ,
ತಮ್ಮ ಮಾಜಿ ಟಾರ್ಚ್‌ಧಾರಿಣಿ

ವಿ.ಸೂ.: ಕಂಪ್ಯೂಟರ್ ಚೆನ್ನಾಗಿಯೇ ಇತ್ತು. ಅದರಲ್ಲಿದ್ದ ಎರಡು ರ‍್ಯಾಮ್‌ಗಳಲ್ಲಿ ಒಂದನ್ನು ನಾನೇ ಕಿತ್ತು ಕಂಪಾಸ್ ಬಾಕ್ಸಿನಲ್ಲಿ ಇಟ್ಟುಕೊಂಡಿದ್ದೇನೆ.