ಮರಕ್ಕೆ ಕಿವಿಗೊಟ್ಟ ಮಧ್ಯಾಹ್ನ

ಅಕ್ಕಾ,

ನೀನು ಹೋದ ಮೇಲೆ ಮೊದಲ ಸಲ ನಿನ್ನ ಕಸುಬಿನವರನ್ನು ಕಂಡೆ. ಜನರ ಮನಸ್ಸು ತಿದ್ದಿ ಪರಿಸರದ ಪ್ರೀತಿ ಬೆಳೆಸಲು ನಮ್ಮ ಗ್ರಂಥಾಲಯಕ್ಕೆ ಬಂದಿದ್ದರು. ಅವರಲ್ಲೊಬ್ಬ ಹುಡುಗಿ ಡಾಕ್ಟರರ ಸ್ಟೆತಾಸ್ಕೋಪ್ ಹಿಡಿದು ನಮ್ಮನ್ನೆಲ್ಲ ಹಿಂದಿನ ಅಂಗಳದ ಮರದ ಬಳಿ ಕರೆದೊಯ್ದಳು. ಹಿಂದೊಮ್ಮೆ ನಿನ್ನೆದುರು ಆಡಿದ ಮಾತೇ ನನ್ನ ನಾಲಿಗೆಯ ತುದಿಗೆ ಬಂತು: "ಎತ್ತಿಗೆ ಹಾಕೋ ಮೂಗುದಾರ ಜನರ ಮನಸ್ಸಿಗೆ ಹಾಕ್ತೀರಲ್ಲೇ, ನಿಮಗೆ ಯಾರು ಕೊಟ್ರು ಈ ಹಕ್ಕು?" ಅಂದಿನಿಂದ ನೀನು ನನ್ನೆದುರು ಕೆಲಸದ ಸುದ್ದಿ ಎತ್ತಿರಲಿಲ್ಲ.

"ಮರಕ್ಕೂ ಬಿಪಿ ಬಂದಿದ್ಯೇನಮ್ಮಾ?" ಎಂದರು ಪುಸ್ತಕಗಳಿಗೆ ರಟ್ಟು ಕಟ್ಟುವ ನಮ್ಮ ಬೈಂಡರ್. ಎಲ್ಲರೂ ನಕ್ಕರು. ನಾನೇ ಜೋರಾಗಿ ನಕ್ಕೆ.

ನನ್ನ ಸರದಿ ಬಂದು ಸ್ಟೆತಾಸ್ಕೋಪನ್ನು ಕಾಂಡಕ್ಕೆ ಒತ್ತಿದಾಗ ಗಾಳಿ ಬೀಸಿತು. ಎಲ್ಲೋ ಮೇಲೆ ಕೊಂಬೆಗಳು ತೂಗಿದ ಸದ್ದು ಕಾಂಡದೊಳಗೆ ದೂರದ ಗುಡುಗಿನಂತೆ ಇಳಿದುಬಂದು ನನ್ನ ತಲೆಯನ್ನೆಲ್ಲ ತುಂಬಿತು. ವರ್ಷಗಟ್ಟಲೆ ಅದರ ನೆರಳಲ್ಲಿ ಕೂತು ಕವಿತೆ ಓದಿದವಳು ನಾನು. ಅದರೊಳಗೆ ಇಷ್ಟು ದೊಡ್ಡದೊಂದು ಮಾತು ಓಡಾಡುತ್ತಿದೆ ಎಂದು ಗೊತ್ತೇ ಇರಲಿಲ್ಲ. ಕಿವಿಯಿಂದ ಸ್ಟೆತಾಸ್ಕೋಪ್ ತೆಗೆಯಲು ಮನಸ್ಸಾಗಲಿಲ್ಲ.

"ಬನ್ನಿ ಮೇಡಂ, ಮರ ಎಲ್ಲೂ ಓಡಿಹೋಗಲ್ಲ" ಎಂದು ಬೈಂಡರ್ ಕರೆಯಬೇಕಾಯಿತು.

ಮನಸ್ಸು ತಿದ್ದುವ ನಿಮ್ಮ ವಿದ್ಯೆಯನ್ನು ನಾನು ಈಗಲೂ ನಂಬುವುದಿಲ್ಲ. ನನ್ನನ್ನು ಅಲುಗಾಡಿಸಿದ್ದು ಮರ. ನೀವು ಅದನ್ನು ನಿಮ್ಮ ಗೆಲುವೆಂದು ಬರೆದುಕೊಳ್ಳುತ್ತೀರಿ. ಹಾಗೆಂದು ಆ ಹುಡುಗಿಯೊಡನೆ ಜಗಳಕ್ಕೆ ನಿಲ್ಲುವಷ್ಟರಲ್ಲಿ ಅವಳೇ ಹೇಳಿದಳು: "ಇದು ನಮ್ಮ ಮೇಡಂ ಕಲಿಸಿದ್ದು. ಅವರೀಗ ಇಲ್ಲ." ನಾನು ನಿನ್ನ ತಂಗಿಯೆಂದು ಅವಳಿಗೆ ತಿಳಿಯದು.

"ಕೇಳಿದ್ಮೇಲೆ ನಿಮಗೆ ಏನನ್ನಿಸ್ತು?" ಎಂದಳು.

ಸ್ಟೆತಾಸ್ಕೋಪನ್ನು ಅವಳ ಕೈಗಿಟ್ಟು, ಒಳಗೆ ಬಂದು ಈ ಕಾಗದ ಬರೆಯಲು ಕೂತೆ. ಅದನ್ನು ಮೊದಲು ನಿನಗೆ ಹೇಳಬೇಕಿತ್ತು.